ತೆಯಹುಪೋ: ಮುನ್ಸೂಚನೆಯ ಮೂರು ಮೀಟರ್ ಎಂದರೆ ಎಷ್ಟು?

ಅಲೆ 3 ಮೀಟರ್, ಅವಧಿ 16 ಸೆಕೆಂಡ್, ದಿಕ್ಕು 215 ಡಿಗ್ರಿ. ಗಾಳಿ ಈಶಾನ್ಯದಿಂದ 8 ನಾಟ್. ತಹೀತಿಯ ನೈರುತ್ಯ ಕರಾವಳಿಯ ತೆಯಹುಪೋ ಹಳ್ಳಿಯೆದುರಿನ ಕಡಲಿಗೆ, ಮೇ–ಅಕ್ಟೋಬರ್ ಋತುವಿನ ಒಂದು ಒಳ್ಳೆಯ ದಿನದ ಮುನ್ಸೂಚನೆ ಹೆಚ್ಚುಕಡಿಮೆ ಹೀಗಿರುತ್ತದೆ. ಹೊಸಬರ ಕಣ್ಣು ಮೊದಲ ಅಂಕಿಯ ಮೇಲೆ ನಿಲ್ಲುತ್ತದೆ. ಮೂರು ಮೀಟರ್ ತಾನೆ, ಮಳೆಗಾಲದಲ್ಲಿ ನಮ್ಮ ಪಣಂಬೂರಿನಲ್ಲೂ ಅಷ್ಟು ಏಳುತ್ತದಲ್ಲ ಅನ್ನಿಸಬಹುದು. ಈ ಸಾಲಿನಲ್ಲಿ ಅತಿ ಕಡಿಮೆ ವಿಷಯ ಹೇಳುವ ಅಂಕಿ ಅದೇ. ಉಳಿದವನ್ನು ಓದಲು ಬಾರದವರಿಗೆ ತೆಯಹುಪೋದ ನೀರು ಸಲ್ಲದು.

ಲೆಕ್ಕವನ್ನು ಅಲೆ ಹುಟ್ಟುವ ಜಾಗದಿಂದ ಶುರುಮಾಡೋಣ. ಈ ಅಲೆಗಳು ತಹೀತಿಯವಲ್ಲ. ನ್ಯೂಜಿಲೆಂಡಿನ ಕೆಳಗೆ, ದಕ್ಷಿಣ ಅಕ್ಷಾಂಶ 50ರ ಆಸುಪಾಸಿನಲ್ಲಿ ಬೀಸುವ ಚಳಿಗಾಲದ ಬಿರುಗಾಳಿಗಳು ಇವುಗಳ ತವರು. ಅಲ್ಲಿಂದ ತೆಯಹುಪೋಗೆ ಸುಮಾರು 5,100 ಕಿ.ಮೀ. ಆಳ ನೀರಿನಲ್ಲಿ ಅಲೆಗಳ ಗುಂಪು ಸಾಗುವ ವೇಗಕ್ಕೆ ಸರಳವಾದ ಸೂತ್ರವಿದೆ: ಅವಧಿಯನ್ನು 0.78ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. 20 ಸೆಕೆಂಡಿನ ಅಲೆ ಗಂಟೆಗೆ 56 ಕಿ.ಮೀ. ಓಡಿ 3.8 ದಿನಕ್ಕೆ ತಲುಪುತ್ತದೆ. 16 ಸೆಕೆಂಡಿನದು ಗಂಟೆಗೆ 45 ಕಿ.ಮೀ.ನಂತೆ 4.7 ದಿನ ತೆಗೆದುಕೊಳ್ಳುತ್ತದೆ. 12 ಸೆಕೆಂಡಿನದಕ್ಕೆ 6.3 ದಿನ ಬೇಕು. ಒಂದೇ ಬಿರುಗಾಳಿಯಿಂದ ಒಟ್ಟಿಗೆ ಹೊರಟವು ಹೀಗೆ ಎರಡೂವರೆ ದಿನದ ಅಂತರದಲ್ಲಿ ಸಾಲುಗಟ್ಟಿ ಬರುತ್ತವೆ. ಉದ್ದ ಅವಧಿಯವು ಮೊದಲು, ಗಿಡ್ಡವು ಕೊನೆಗೆ.

ಇದು ಬರೀ ಕಾಗದದ ಲೆಕ್ಕವಲ್ಲ. 1963ರಲ್ಲಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಪೆಸಿಫಿಕ್‌ನಲ್ಲಿ ಸಾಲಾಗಿ ಮಾಪಕಗಳನ್ನಿಟ್ಟು, ದಕ್ಷಿಣದ ಬಿರುಗಾಳಿಗಳ ಅಲೆಗಳನ್ನು ಇಡೀ ಸಾಗರದುದ್ದಕ್ಕೂ ಹಿಂಬಾಲಿಸಿದರು. ಹುಟ್ಟಿದ ಜಾಗವನ್ನು ದಾಟಿದ ಮೇಲೆ ಈ ಅಲೆಗಳು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ ತೀರಾ ಕಡಿಮೆ ಎಂಬುದು ಅವರಿಗೆ ಕಂಡಿತು. ನಾಲ್ಕೈದು ದಿನ ಮೊದಲೇ ವಿಮಾನದ ಟಿಕೆಟ್ ಕೊಳ್ಳುವ ಸರ್ಫರ್‌ನ ಧೈರ್ಯಕ್ಕೆ ಆಧಾರ ಈ ಲೆಕ್ಕವೇ. ಅಲೆಯ ಮಟ್ಟಿಗೆ ಐದು ದಿನದ ಮುನ್ಸೂಚನೆ ನಂಬಿಕೆಗೆ ಅರ್ಹ. ಗಾಳಿಯ ಮಟ್ಟಿಗೆ ಐದು ದಿನದ ಮುನ್ಸೂಚನೆಯನ್ನು ನಾನಂತೂ ಪಂಚಾಂಗದ ಮಳೆ ಭವಿಷ್ಯದಷ್ಟೇ ನಂಬುತ್ತೇನೆ.

ದಿಕ್ಕಿನ ಅಂಕಿಗೂ ಒಂದು ಭೂಗೋಳವಿದೆ. ತೆಯಹುಪೋದಿಂದ ನೋಡಿದರೆ ನ್ಯೂಜಿಲೆಂಡ್ ಸುಮಾರು 220ರಿಂದ 235 ಡಿಗ್ರಿಯ ನಡುವೆ ಅಡ್ಡಲಾಗಿ ಬಿದ್ದಿದೆ. ಅದರ ಹಿಂದೆ, ಟಾಸ್ಮನ್ ಸಮುದ್ರದಲ್ಲಿ ಎಂಥ ಬಿರುಗಾಳಿ ಎದ್ದರೂ ಆ ನೆಲ ಅಲೆಯನ್ನು ತಡೆಯುತ್ತದೆ. ಹಾಗಾಗಿ ದೊಡ್ಡ ಅಲೆಯ ಕಿಟಕಿ 180ರಿಂದ 220 ಡಿಗ್ರಿ, ಅಂದರೆ ತೆಂಕಣದಿಂದ ನೈರುತ್ಯದವರೆಗೆ. 190ರಿಂದ ಬಂದ ಅಲೆ ಹವಳದ ದಿಬ್ಬದ ಉದ್ದಕ್ಕೂ ಜಾರುತ್ತಾ ಒಡೆಯುತ್ತದೆ. ಸವಾರನಿಗೆ ಓಡಲು ಜಾಗ ಸಿಗುತ್ತದೆ. ದಿಕ್ಕು 215ಕ್ಕೆ ತಿರುಗಿದಷ್ಟೂ ಅಲೆ ದಿಬ್ಬಕ್ಕೆ ಎದುರಾಗಿ ಬೀಳುತ್ತದೆ, ದಪ್ಪವಾಗುತ್ತದೆ, ಕೊನೆಯ ಭಾಗ ಒಮ್ಮೆಲೇ ಮುಚ್ಚಿಕೊಳ್ಳುತ್ತದೆ. ಎತ್ತರದ ಅಂಕಿ ಒಂದಿಷ್ಟೂ ಬದಲಾಗದೆ, ಬರೀ 25 ಡಿಗ್ರಿಯಲ್ಲಿ, ದಿನ ಒಳ್ಳೆಯದರಿಂದ ಅಪಾಯಕ್ಕೆ ಹೊರಳುತ್ತದೆ.

ಈಗ ಆ ಮೂರು ಮೀಟರ್. ಮುನ್ಸೂಚನೆಯಲ್ಲಿ ಬರೆಯುವುದು ಎಲ್ಲ ಅಲೆಗಳ ಎತ್ತರವನ್ನೂ ಅಲ್ಲ, ಅತಿ ದೊಡ್ಡದರ ಎತ್ತರವನ್ನೂ ಅಲ್ಲ. ಬಂದ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಪಾಲನ್ನು ತೆಗೆದು, ಅವುಗಳ ಸರಾಸರಿಯನ್ನು ಬರೆಯುತ್ತಾರೆ. ಸಾವಿರ ಅಲೆಗಳಲ್ಲಿ ಅತಿ ದೊಡ್ಡದು ಈ ಸರಾಸರಿಯ ಸುಮಾರು 1.86 ಪಟ್ಟು ಇರುತ್ತದೆ ಎಂಬುದು ಅಂಕಿಸಂಖ್ಯಾಶಾಸ್ತ್ರದ ಲೆಕ್ಕ. 16 ಸೆಕೆಂಡಿಗೊಂದರಂತೆ ಸಾವಿರ ಅಲೆ ಬರಲು ನಾಲ್ಕೂವರೆ ಗಂಟೆ ಸಾಕು. ಅಂದರೆ 3 ಮೀಟರ್ ಎಂದು ಬರೆದ ದಿನ, ಬೆಳಿಗ್ಗೆ ಆರಕ್ಕೆ ನೀರಿಗಿಳಿದವನು ಹತ್ತೂವರೆಯೊಳಗೆ 5.6 ಮೀಟರಿನ ಒಂದನ್ನು ಎದುರಿಸುವ ಸಾಧ್ಯತೆ ಇದ್ದೇ ಇದೆ.

ಅದೂ ತೆರೆದ ಕಡಲಿನ ಎತ್ತರ. ನೀರಿನ ಆಳ ಕಡಿಮೆಯಾದಂತೆ ಅಲೆ ಎದ್ದು ನಿಲ್ಲುತ್ತದೆ, ಉದ್ದ ಅವಧಿಯದು ಇನ್ನೂ ಹೆಚ್ಚು ಏಳುತ್ತದೆ. ಕರಾವಳಿ ಎಂಜಿನಿಯರುಗಳು ಬಳಸುವ ಸಾಮಾನ್ಯ ಸೂತ್ರ ಹಾಕಿದರೆ, 9 ಸೆಕೆಂಡಿನ 3 ಮೀಟರ್ ಅಲೆ ಒಡೆಯುವಾಗ 3.6 ಮೀಟರ್ ಆಗುತ್ತದೆ. 16 ಸೆಕೆಂಡಿನದು 4.5 ಮೀಟರ್. ಬೆಳಗಿನ ಆ ಒಂದು 5.6 ಮೀಟರಿನದು 7 ಮೀಟರ್ ದಾಟುತ್ತದೆ. ಸೂತ್ರವನ್ನು ಕಟ್ಟಿದ್ದು ಸಾಮಾನ್ಯ ಮರಳು ತೀರಗಳಿಗಾಗಿ. ಅರ್ಧಚಂದ್ರಾಕಾರದ ಹವಳದ ದಿಬ್ಬ ಅಲೆಯನ್ನು ಒಂದೇ ಕಡೆಗೆ ಬಾಗಿಸಿ ತರುವ ತೆಯಹುಪೋದಲ್ಲಿ ಇದನ್ನು ಕನಿಷ್ಠ ಎಂದೇ ಹಿಡಿಯಬೇಕು. ಇದರ ಮೇಲೆ ಇನ್ನೊಂದು ಗೊಂದಲವಿದೆ. ಹವಾಯಿಯ ರೂಢಿಯಲ್ಲಿ ಅಲೆಯನ್ನು ಬೆನ್ನಿನಿಂದ ಅಳೆಯುತ್ತಾರೆ, ಎದುರಿನಿಂದಲ್ಲ. ಅಲ್ಲಿಯ ಸರ್ಫರ್ 'ಹತ್ತು ಅಡಿ' ಎಂದರೆ ಎದುರಿನ ಮುಖ ಇಪ್ಪತ್ತರ ಹತ್ತಿರ ಇರುತ್ತದೆ. ಸರ್ಫರ್‌ಗಳ ಅಡಿಲೆಕ್ಕವನ್ನು ಯಾರಾದರೂ ಹೇಳಿದರೆ ಎಲ್ಲಿಂದ ಅಳೆದದ್ದು ಎಂದು ಮೊದಲು ಕೇಳಿ.

ಶಕ್ತಿಯ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಎತ್ತರದ ವರ್ಗವನ್ನು ಅವಧಿಯಿಂದ ಗುಣಿಸಿ, ಅದರ ಅರ್ಧಕ್ಕಿಂತ ತುಸು ಕಡಿಮೆ ತೆಗೆದರೆ ಅಲೆಯ ಸಾಲಿನ ಪ್ರತಿ ಮೀಟರಿಗೆ ಎಷ್ಟು ಕಿಲೋವಾಟ್ ಎಂಬುದು ಬರುತ್ತದೆ. 3 ಮೀಟರ್, 9 ಸೆಕೆಂಡಿಗೆ 40 ಕಿಲೋವಾಟ್. 3 ಮೀಟರ್, 16 ಸೆಕೆಂಡಿಗೆ 70. ಎರಡೇ ಮೀಟರ್ ಎತ್ತರದ, ಆದರೆ 18 ಸೆಕೆಂಡಿನ ಅಲೆ 35 ಕಿಲೋವಾಟ್ ಹೊತ್ತು ತರುತ್ತದೆ, ಮೂರು ಮೀಟರಿನ ಗಿಡ್ಡ ಅಲೆಗೆ ಹೆಚ್ಚುಕಡಿಮೆ ಸಮ. ದಿಬ್ಬದ ನೂರು ಮೀಟರ್ ಉದ್ದಕ್ಕೆ 70 ಕಿಲೋವಾಟಿನಂತೆ ಗುಣಿಸಿದರೆ 7,000 ಕಿಲೋವಾಟ್ ಆಯಿತು. ನಮ್ಮ ರೈತರ 5 ಎಚ್‌ಪಿ ಪಂಪ್‌ಸೆಟ್‌ಗಳು ಸುಮಾರು 1,900 ಒಟ್ಟಿಗೆ ಓಡಿದಂತೆ.

ಈ ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂಬುದರಲ್ಲೇ ತೆಯಹುಪೋ ಬೇರೆ. ಮಲ್ಪೆ, ಮುರ್ಡೇಶ್ವರದಂಥ ತೀರಗಳಲ್ಲಿ ತಳ ಕಿಲೋಮೀಟರುಗಟ್ಟಲೆ ನಿಧಾನವಾಗಿ ಏರುತ್ತದೆ. ಅಲೆ ದಾರಿಯುದ್ದಕ್ಕೂ ತಳಕ್ಕೆ ಉಜ್ಜಿಕೊಂಡು, ಎರಡು ಮೂರು ಕಡೆ ಒಡೆದು, ಸುಸ್ತಾಗಿ ದಡ ಸೇರುತ್ತದೆ. 16 ಸೆಕೆಂಡಿನ ಅಲೆಯ ಉದ್ದ 400 ಮೀಟರ್. ಅದಕ್ಕೆ ತಳ ತಾಗತೊಡಗುವುದು 200 ಮೀಟರ್ ಆಳದಲ್ಲಿ. ತೆಯಹುಪೋದ ದಿಬ್ಬದ ಹೊರಗೆ ತಳ ಗೋಡೆಯಂತೆ ಇಳಿಯುತ್ತದೆ: ಐವತ್ತು ಮೀಟರ್ ಆಚೆ ಹೋದರೆ ಆಳವೂ ಸುಮಾರು ಐವತ್ತು. ತೆರೆದ ಕಡಲಿನಲ್ಲಿ ಈ ಅಲೆಯ ತುದಿ ಗಂಟೆಗೆ 90 ಕಿ.ಮೀ. ವೇಗದಲ್ಲಿರುತ್ತದೆ. 50 ಮೀಟರ್ ಆಳಕ್ಕೆ ಬಂದಾಗಲೂ 69 ಉಳಿದಿರುತ್ತದೆ. ಮೂರು ಮೀಟರ್ ನೀರಿಗೆ ಬಂದಾಗ 20ಕ್ಕಿಳಿಯುತ್ತದೆ. ಗಂಟೆಗೆ ಐವತ್ತು ಕಿ.ಮೀ.ನಷ್ಟು ವೇಗ ಹತ್ತಾರು ಮೀಟರುಗಳಲ್ಲಿ ಇಲ್ಲವಾದರೆ ಹಿಂದಿನ ನೀರು ಮುಂದಿನದರ ಮೇಲೆ ಏರಲೇಬೇಕು. ಅಲೆಯ ಬುಡ ಸಮುದ್ರಮಟ್ಟಕ್ಕಿಂತ ಕೆಳಗೆ ಹೀರಿಕೊಂಡಂತೆ ಕಾಣುವುದು ಈ ಕಾರಣಕ್ಕೆ. ಕೆಲವು ಕಡೆ ಹವಳದ ಮೇಲೆ ಉಳಿಯುವ ನೀರು ಅರ್ಧ ಮೀಟರ್. ಬಿದ್ದವನ ಕೆಳಗೆ ಮರಳಿಲ್ಲ, ಚೂಪಾದ ಹವಳ. 2000ದಲ್ಲಿ ಸ್ಥಳೀಯ ಸರ್ಫರ್ ಒಬ್ಬ ಇದೇ ದಿಬ್ಬಕ್ಕೆ ಅಪ್ಪಳಿಸಿ ಜೀವ ಕಳೆದುಕೊಂಡ.

ಉಬ್ಬರ-ಇಳಿತದ ಕೋಷ್ಟಕ ನೋಡುವ ಅಭ್ಯಾಸವಿರುವ ನಮ್ಮ ಕರಾವಳಿಯವರಿಗೆ ಇಲ್ಲಿ ಕೆಲಸವೇ ಇಲ್ಲ. ಮಂಗಳೂರಿನಲ್ಲಿ ಏರಿಳಿತ ಒಂದೂವರೆ ಮೀಟರಿನ ಆಸುಪಾಸು. ತಹೀತಿಯಲ್ಲಿ ಬರೀ 30 ಸೆಂಟಿಮೀಟರ್. ಚಂದ್ರನ ಎಳೆತದ ಉಬ್ಬರ ಪೆಸಿಫಿಕ್‌ನ ಈ ಭಾಗದಲ್ಲಿ ಬಹುತೇಕ ಸೊನ್ನೆಯಾಗುವುದರಿಂದ ಸೂರ್ಯನದೇ ಮೇಲುಗೈ. ಹಾಗಾಗಿ ಉಬ್ಬರ ದಿನವೂ ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಹೊತ್ತಿಗೇ ಬರುತ್ತದೆ.

ಗಾಳಿಯದು ಗಂಟೆಗಳ ಲೆಕ್ಕ. ದಡ ನೈರುತ್ಯಕ್ಕೆ ಮುಖಮಾಡಿರುವುದರಿಂದ ಈಶಾನ್ಯದ ಗಾಳಿ ನೆಲದಿಂದ ಕಡಲಿಗೆ ಬೀಸಿ, ಅಲೆಯ ತುದಿಯನ್ನು ತಡೆದು ನಿಲ್ಲಿಸಿ, ಮುಖವನ್ನು ನುಣುಪಾಗಿಸುತ್ತದೆ. ಹಳ್ಳಿಯ ಬೆನ್ನಿಗೆ 1,332 ಮೀಟರ್ ಎತ್ತರಕ್ಕೇರುವ ಬೆಟ್ಟಗಳಿವೆ. ರಾತ್ರಿ ತಂಪಾದ ಗಾಳಿ ಕಣಿವೆಗಳಿಂದ ಇಳಿದು ಬೆಳಿಗ್ಗೆ ಕಡಲು ಸೇರುತ್ತದೆ. ತಹೀತಿಯವರು ಇದನ್ನು 'ಹುಪೆ' ಎನ್ನುತ್ತಾರೆ. ಬಿಸಿಲೇರಿದ ಮೇಲೆ ಹುಪೆ ಸತ್ತು ಪೂರ್ವ–ಆಗ್ನೇಯದ ವಾಣಿಜ್ಯ ಮಾರುತ ಮೇಲುಗೈ ಪಡೆಯುತ್ತದೆ. ಚಳಿಗಾಲದಲ್ಲಿ ಆಗಾಗ ಅದೇ ಆಗ್ನೇಯ ಗಾಳಿ ಬಿರುಸಾಗಿ 'ಮರಾಮು' ಆಗುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಬೀಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 8 ನಾಟ್ 20 ಆದಾಗ ಒತ್ತಡ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗೂ ಹೆಚ್ಚು. ಎಷ್ಟೇ ಒಳ್ಳೆಯ ಅಲೆ ಬಂದರೂ ಮರಾಮು ಎದ್ದ ದಿನ ಮುಖವೆಲ್ಲ ಮುದ್ದೆ. ನೆಲಗಾಳಿಯೂ 20 ದಾಟಿದರೆ ಕಷ್ಟವೇ: ಹಲಗೆ ಕೆಳಗಿಳಿಯದೆ ಸವಾರ ತುದಿಯಲ್ಲೇ ನೇತುಬೀಳುತ್ತಾನೆ, ನೀರಿನ ಸಿಡಿತಕ್ಕೆ ಕಣ್ಣು ಕಾಣುವುದಿಲ್ಲ.

ಈ ಎಲ್ಲ ಅಂಕಿಗಳಿಗೂ ಬೆಲೆ ಕಟ್ಟಿದ್ದು 2024ರ ಒಲಿಂಪಿಕ್ಸ್. ಪ್ಯಾರಿಸ್‌ನಿಂದ 15,700 ಕಿ.ಮೀ. ದೂರದ ಈ ಹಳ್ಳಿಗೆ 24 ಗಂಡಸರು, 24 ಹೆಂಗಸರು ಬಂದರು. ತೀರ್ಪುಗಾರರಿಗೆಂದು ದಿಬ್ಬದ ಮೇಲೆ ಸುಮಾರು 50 ಲಕ್ಷ ಡಾಲರಿನ ಅಲ್ಯೂಮಿನಿಯಂ ಗೋಪುರ ಕಟ್ಟುವ ಯೋಜನೆಗೆ ಸ್ಥಳೀಯರು ತಿರುಗಿಬಿದ್ದರು. 14 ಟನ್ನಿನ ನಕ್ಷೆ 9 ಟನ್ನಿಗಿಳಿಯಿತು. ಆದರೂ 2023ರ ಡಿಸೆಂಬರ್ 1ರಂದು ಪರೀಕ್ಷೆಗೆ ಬಂದ ದೋಣಿಯೊಂದು ಹವಳ ಮುರಿಯಿತು. ಮೂರು ಮೀಟರಿನ ಒಂದು ವಾರಕ್ಕಾಗಿ ತಲೆಮಾರುಗಳಿಂದ ಬೆಳೆದ ಹವಳವನ್ನು ಪಣಕ್ಕಿಡುವುದು ನನಗೆ ಒಪ್ಪಿತವಲ್ಲ. ಅಲೆಯನ್ನು ರೂಪಿಸುವುದೂ ಆ ಹವಳವೇ ತಾನೆ.

ಜುಲೈ 27ರಿಂದ ಆಗಸ್ಟ್ 5ರವರೆಗಿನ ಹತ್ತು ದಿನಗಳಲ್ಲಿ ಸುಮಾರು ಅರ್ಧದಷ್ಟು ದಿನಗಳು ಕಾಯುವುದರಲ್ಲೇ ಕಳೆದವು. ಜುಲೈ 29ರಂದು ಅಲೆಯೂ ಗಾಳಿಯೂ ಕೂಡಿಬಂದಾಗ ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಒಂದೇ ಅಲೆಗೆ 9.90 ಪಡೆದ. ಆಗಸ್ಟ್ 5ರಂದು ಅದೇ ಮೆಡಿನಾ ಸೆಮಿಫೈನಲ್‌ನಲ್ಲಿ ಒಂದೇ ಅಲೆ ಹಿಡಿಯಲು ಸಾಧ್ಯವಾಗಿ, 6.33ಕ್ಕೆ ನಿಂತು, 12.33 ಗಳಿಸಿದ ಆಸ್ಟ್ರೇಲಿಯಾದ ಜ್ಯಾಕ್ ರಾಬಿನ್ಸನ್‌ಗೆ ಸೋತ. ಅರ್ಧ ಗಂಟೆಯಲ್ಲಿ 16 ಸೆಕೆಂಡಿನ ಅಲೆ ಲೆಕ್ಕಕ್ಕೆ 112 ಸಲ ಬರುತ್ತದೆ. ಆದರೆ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಕಡಲು ಮಲಗಿಬಿಡುತ್ತದೆ. ಆ ಬಿಡುವು ಎಷ್ಟು ನಿಮಿಷ ಎಂಬ ಅಂಕಿ ಯಾವ ಮುನ್ಸೂಚನೆಯಲ್ಲೂ ಇರುವುದಿಲ್ಲ. ಫೈನಲ್‌ನಲ್ಲಿ ರಾಬಿನ್ಸನ್‌ಗೂ ಅದೇ ಗತಿ: ತಹೀತಿಯಲ್ಲೇ ಬೆಳೆದ ಕೌಲಿ ವಾಸ್ತ್ 17.67, ರಾಬಿನ್ಸನ್ 7.83. ಹೆಂಗಸರ ಚಿನ್ನ ಅಮೆರಿಕದ ಕ್ಯಾರೊಲಿನ್ ಮಾರ್ಕ್ಸ್‌ಗೆ ಹೋದದ್ದು 10.50ಕ್ಕೆ 10.33ರ ಕೂದಲೆಳೆಯಲ್ಲಿ.

ಹಾಗಾದರೆ ಮುನ್ಸೂಚನೆ ಕೈಯಲ್ಲಿ ಹಿಡಿದ ನುರಿತ ಸರ್ಫರ್ ಏನು ನೋಡಬೇಕು? ಮೊದಲು ಅವಧಿ: 14 ಸೆಕೆಂಡಿಗೆ ಕಡಿಮೆಯಿದ್ದರೆ ಹೊರಡುವ ಅವಸರವಿಲ್ಲ. ಆಮೇಲೆ ದಿಕ್ಕು: 190ರಿಂದ 205 ಇದ್ದರೆ ಒಳ್ಳೆಯದು, 215 ಆದರೆ ತನ್ನನ್ನೇ ಎರಡು ಸಲ ಕೇಳಿಕೊಳ್ಳಬೇಕು. ಗಾಳಿ 10 ನಾಟ್ ಒಳಗೆ, ಈಶಾನ್ಯದಿಂದ, ಬೆಳಿಗ್ಗೆ ಹತ್ತರೊಳಗೆ. ಕೊನೆಗೆ ಎತ್ತರ. ಎರಡು ಮೀಟರ್ ದಾಟಿದರೆ ಈ ದಿಬ್ಬವನ್ನು ಬಲ್ಲವರು ಮಾತ್ರ. 2011ರ ಆಗಸ್ಟ್ 27ರಂದು ಅಧಿಕಾರಿಗಳು ದೋಣಿಗಳಿಗೂ ಕಡಲು ಮುಚ್ಚಿದರು, ಆ ದಿನ ನೀರಿನಲ್ಲಿದ್ದವರು ಜೆಟ್‌ಸ್ಕಿ ಎಳೆದರೆ ಮಾತ್ರ ಅಲೆ ಹಿಡಿಯಬಲ್ಲಂಥ ಸ್ಥಿತಿಯಲ್ಲಿದ್ದರು. ಇಂಥ ದಿನ ದೋಣಿಯಲ್ಲಿ ಕೂತು ನೋಡುವುದಕ್ಕೂ ಅನುಮತಿ ಕೇಳಬೇಕು.

ಇದೇ ಲೆಕ್ಕ ನಮ್ಮ ಕಡಲಿಗೂ ಅನ್ವಯಿಸುತ್ತದೆ. 2024ರ ಮಾರ್ಚ್ 31ರಂದು ಕೇರಳದ ತೀರಕ್ಕೆ ಗಾಳಿಯಿಲ್ಲದೆ ನುಗ್ಗಿದ ನೀರು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ದಿನಗಟ್ಟಲೆ ಪ್ರಯಾಣಿಸಿ ಬಂದದ್ದು. ಮಲಯಾಳದಲ್ಲಿ ಅದಕ್ಕೆ 'ಕಳ್ಳಕ್ಕಡಲ್' ಎಂದೇ ಹೆಸರು. ಉಳ್ಳಾಲದಿಂದ ಕಾರವಾರದವರೆಗಿನ ಮೀನುಗಾರರಿಗೆ, ಸಸಿಹಿತ್ಲುವಿನಲ್ಲಿ ಹಲಗೆ ಹಿಡಿಯುವ ಹುಡುಗರಿಗೆ ಒಂದು ಮಾತು: ದೇಶದ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನ ಎಚ್ಚರಿಕೆ ಬಂದಾಗ ಮೀಟರಿನ ಪಕ್ಕದ ಸೆಕೆಂಡನ್ನು ಮೊದಲು ಓದಿ. ಅದು 16 ದಾಟಿದ್ದರೆ, ಆಕಾಶ ಎಷ್ಟೇ ತಿಳಿಯಾಗಿದ್ದರೂ, ದೋಣಿಗಳನ್ನು ಮೇಲಕ್ಕೆಳೆದು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಕಟ್ಟಿಡಿ.