ಹಿಮ್ಮಡಿಗೆ ಬೊಬ್ಬೆ, ಬೆಟ್ಟಕ್ಕೆ ಉಣ್ಣೆ ಸಾಕ್ಸು

ಬೆಳಗಿನ ಐದೂವರೆಗೆ ನಮ್ಮ ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದ ಕಡೆ ಒಮ್ಮೆ ಹೋಗಿ ನೋಡಿ. ಪೊಲೀಸ್ ಪೇದೆ ಕೆಲಸದ ಮೇಲೆ ಕಣ್ಣಿಟ್ಟ ಹುಡುಗರು ಮಂಜಿನಲ್ಲಿ ಸುತ್ತು ಹೊಡೆಯುತ್ತಿರುತ್ತಾರೆ. ದೇಹದಾರ್ಢ್ಯ ಪರೀಕ್ಷೆಯಲ್ಲಿ ಗಂಡು ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ನಮ್ಮ ಬೀದಿಯ ಹುಡುಗನೂ ಕಳೆದ ಸಲ ಮಳೆಗಾಲವೆಲ್ಲ ಓಡಿದ. ಬೂಟು ಅವರಪ್ಪ ಕೈಸಾಲ ಮಾಡಿ ತಂದದ್ದು, ದುಬಾರಿ ಮಾಲು. ಸಾಕ್ಸು ಮಾತ್ರ ಕಾಲೇಜಿಗೆ ಹಾಕ್ಕೊಂಡು ಹೋಗ್ತಿದ್ದ ಅದೇ ಹಳೇ ಹತ್ತಿಯದು. ಪರೀಕ್ಷೆಗೆ ನಾಲ್ಕು ದಿನ ಇದೆ ಅನ್ನುವಾಗ ಎರಡೂ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಓಟದ ದಿನ ಮೂರನೇ ಸುತ್ತಿನಲ್ಲಿ ಅದು ಒಡೆಯಿತು. ಕೆಲವೇ ಸೆಕೆಂಡಿನಲ್ಲಿ ಕೆಲಸ ಕೈಬಿಟ್ಟು ಹೋಯಿತು.

ಸಾಕ್ಸಿನ ದೆಸೆಯಿಂದ ಸರ್ಕಾರಿ ಕೆಲಸ ಹೋಯಿತು ಅಂದರೆ ನಗಬೇಡಿ ಸ್ವಾಮಿ. ಬೊಬ್ಬೆ ಏಳುವುದು ಬರೀ ಬೂಟಿನ ತಪ್ಪಿಗಲ್ಲ. ಬೆವರಿಗೋ ಮಳೆಗೋ ನೆನೆದ ಚರ್ಮ ಮೆತ್ತಗಾಗುತ್ತದೆ, ಬಟ್ಟೆ ಅದಕ್ಕೆ ಅಂಟಿಕೊಂಡು ಜಗ್ಗುತ್ತದೆ, ಆಗ ಒಳಪದರ ಬಿಟ್ಟುಕೊಂಡು ನೀರು ತುಂಬುತ್ತದೆ. ಹತ್ತಿ ನೀರು ಕುಡಿಯುವುದರಲ್ಲಿ ಗಟ್ಟಿ, ಬಿಡುವುದರಲ್ಲಿ ಜುಗ್ಗ. ಒಮ್ಮೆ ನೆನೆಯಿತೋ, ಸಂಜೆವರೆಗೂ ಕಾಲಿಗೆ ಒದ್ದೆ ಪಟ್ಟಿ ಸುತ್ತಿಕೊಂಡ ಹಾಗೇ.

ಇದೇ ಮಾತು ಬೆಟ್ಟ ಹತ್ತುವವರಿಗೂ ಸಲ್ಲುತ್ತದೆ. ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಇಳಿಯುವ ಬೆಂಗಳೂರಿನ ಹುಡುಗ ಹುಡುಗಿಯರನ್ನು ನೀವೂ ನೋಡಿದ್ದೀರಿ. ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುವ ಗುಂಪು ಅದು. 6,300 ಅಡಿ ದಾಟಿದ ಬೆಟ್ಟ, ಜೂನ್ ಬಂದರೆ ಗಾಳಿ ಮಳೆ ಎರಡೂ ಅಡ್ಡಡ್ಡ ಹೊಡೆಯುತ್ತವೆ. ಅವರಲ್ಲೊಬ್ಬ ಪೇಟೆಯ ಅಂಗಡಿಗೆ ಬಂದು “ಅಣ್ಣಾ, ತೆಳು ಮೆರಿನೋ ಸಾಕ್ಸ್ ಇದ್ಯಾ?” ಅಂದ. ಅಂಗಡಿಯವರು “ಉಲ್ಲನ್ನಾ? ಅದು ಡಿಸೆಂಬರ್ ಮಾಲು ಸಾರ್, ಈಗೆಲ್ಲಿ ಬರುತ್ತೆ” ಅಂದು ಕಳಿಸಿಬಿಟ್ಟರು. ಪಕ್ಕದಲ್ಲೇ ನಿಂತಿದ್ದ ನನಗೆ, ಒಂದು ವ್ಯಾಪಾರ ಕಣ್ಣೆದುರೇ ಬಸ್ ಹತ್ತಿ ಹೋದ ಹಾಗಾಯಿತು.

ಉಣ್ಣೆ ಅಂದರೆ ಚಳಿಗೆ ಮಾತ್ರ ಅನ್ನುವ ಮಾತನ್ನು ಮಲೆನಾಡಿನವರೇ ಹೇಳಿದರೆ ಹೇಗೆ? ನಮ್ಮ ಹಿರಿಯರು ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿದದ್ದು ಕಂಬಳಿ ಕೊಪ್ಪೆ ಹಾಕಿಕೊಂಡು. ನೆನೆದರೂ ಮೈ ಬೆಚ್ಚಗಿಡುವುದು ಉಣ್ಣೆಯ ಗುಣ. ಅದು ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯ ಒಳಕ್ಕೇ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ವಾಸನೆಯೂ ಬೇಗ ಹಿಡಿಯುವುದಿಲ್ಲ. ನೈಲಾನ್ ಸಾಕ್ಸು ಹಾಕಿದವರ ಪಕ್ಕ ಕಡೂರಿನವರೆಗೆ ಬಸ್ಸಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ಹಾಗಂತ ಚಳ್ಳಕೆರೆ ಕಡೆಯ ಕಂಬಳಿ ಉಣ್ಣೆಯಲ್ಲಿ ಸಾಕ್ಸು ಹೆಣೆದರೆ ಕಾಲು ತುರಿಸಿ ಸಾಯುತ್ತದೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಮೆರಿನೋ ಸ್ಪೇನ್ ದೇಶದಲ್ಲಿ ಹೆಸರಾದ ಕುರಿ ತಳಿ, 1797ರಲ್ಲಿ ಆಸ್ಟ್ರೇಲಿಯಾ ಮುಟ್ಟಿ ಅಲ್ಲಿಂದ ಲೋಕಕ್ಕೆಲ್ಲ ಉಣ್ಣೆ ಒದಗಿಸುತ್ತಿದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇದ್ದರೆ, ಒಳ್ಳೆ ಮೆರಿನೋ ಸಾಕ್ಸಿನ ಎಳೆ 17ರಿಂದ 20. ಅಷ್ಟು ಸಣ್ಣ ಎಳೆ ಚುಚ್ಚದೆ ಬಾಗುತ್ತದೆ.

ಈಗ ನನ್ನದೇ ಪೆದ್ದುತನ ಹೇಳುತ್ತೇನೆ. ಎರಡು ವರ್ಷದ ಹಿಂದೆ “ಪ್ಯೂರ್ ಉಲ್ಲನ್” ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಒಂದು ಜೊತೆ ತಂದೆ. ಅಂಗಡಿ ಹೆಸರು ಬೇಡ, ದಿನಾ ಎದುರಾಗುವ ಮುಖ. ಬಾಬಾಬುಡನ್‌ಗಿರಿ ಹತ್ತಿ ಇಳಿಯುವಷ್ಟರಲ್ಲಿ ಕಾಲು ಬೆಂದ ಬದನೆಕಾಯಿ. ಮನೆಗೆ ಬಂದು ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದ ಕೂಡಲೇ ಆರಿ, ಉಳಿದದ್ದು ಬೆರಳಲ್ಲಿ ಪುಡಿಯಾಗಬೇಕು. ಇದು ಭರ್ರನೆ ಉರಿದು ಕರಗಿ ಕಲ್ಲಿನಂಥ ಮಣಿ ಆಯಿತು. ಅಕ್ರಿಲಿಕ್!

ಆದ್ದರಿಂದ ಮೊದಲು ಚೀಟಿ ಓದಿ. ನೂರಕ್ಕೆ ನೂರು ಮೆರಿನೋ ಇರಲಿ ಅಂತ ಹಠ ಬೇಡ, ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಮೆರಿನೋ, ಗಟ್ಟಿತನಕ್ಕೆ ನೈಲಾನ್, ಹಿಡಿತಕ್ಕೆ ಚೂರು ಎಲಾಸ್ಟಿಕ್ ನೂಲು ಇದ್ದರೆ ಅದು ಬಾಳಿಕೆಯ ಮಾಲು. ಹತ್ತರಲ್ಲಿ ಒಂದು ಪಾಲು ಮೆರಿನೋ ಹಾಕಿ ಮುಂದುಗಡೆ ಕುರಿ ಚಿತ್ರ ಅಚ್ಚು ಹೊಡೆದಿದ್ದರೆ ಕುರಿ ಯಾರು ಅಂತ ನೀವೇ ತಿಳಿದುಕೊಳ್ಳಿ.

ಆಮೇಲೆ ಒಳಗೆ ಕೈ ಹಾಕಿ ಬೆರಳ ಕಡೆಯ ಹೊಲಿಗೆ ಸವರಿ ನೋಡಿ. ದಾರದ ದಿಂಡು ಕೈಗೆ ಸಿಕ್ಕಿತೋ, ಅದೇ ನಾಳೆ ಕಿರುಬೆರಳಿನ ಮೇಲೆ ಬೊಬ್ಬೆ. ಓಡುವವರಿಗೆ ಪೂರ್ತಿ ತೆಳುವಾದದ್ದು ಸಾಕು. ಬೆಟ್ಟಕ್ಕಾದರೆ ಅಂಗಾಲಿನಡಿ ಮಾತ್ರ ಟವೆಲಿನ ಹಾಗೆ ಸಣ್ಣ ಕುಣಿಕೆ ಇರುವುದು, ಬೂಟಿನ ಅಂಚಿಗಿಂತ ಎರಡು ಬೆರಳು ಮೇಲೆ ಬರುವುದು ವಾಸಿ. ಅಳತೆಯಲ್ಲಿ ದಾಕ್ಷಿಣ್ಯ ಬೇಡ. “ಒಂದು ಸೈಜ್ ದೊಡ್ಡದೇ ತಗೊಳ್ಳಿ, ಒಗೆದ್ರೆ ಕುಗ್ಗತ್ತೆ” ಅನ್ನುವ ಮಾತು ಕೇಳಬೇಡಿ, ಸಡಿಲ ಸಾಕ್ಸು ಬೂಟಿನೊಳಗೆ ಮಡಿಕೆ ಬೀಳುತ್ತದೆ. ಬೂಟು ಕೊಳ್ಳಲು ಹೋಗುವಾಗಲೂ ಇದೇ ಸಾಕ್ಸು ಹಾಕಿಕೊಂಡು ಹೋಗಿ.

ಒಂದು ಜೊತೆಗೆ ಹತ್ತಿಯದರ ನಾಲ್ಕೈದು ಜೊತೆಯ ಬೆಲೆ ಬೀಳುತ್ತದೆ, ಸುಳ್ಳು ಹೇಳಲಾರೆ. ಹಳ್ಳಕ್ಕೆ ಬೂಟು ಮುಳುಗಿಸಿದರೆ ಇದೂ ನೆನೆಯುತ್ತದೆ, ಒಣಗುವುದರಲ್ಲಿ ಪಾಲಿಯೆಸ್ಟರ್ ಇದಕ್ಕಿಂತ ಚುರುಕು. ಉಂಬಳಕ್ಕಂತೂ ಹೆಣಿಗೆ ಸಾಕ್ಸು ತಡೆಯೇ ಅಲ್ಲ, ಕಣ್ಣು ಕಂಡಲ್ಲಿ ನುಗ್ಗುತ್ತದೆ. ಅದಕ್ಕೆ ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆ ಚೀಲವನ್ನು ಮೇಲೆ ಬೇರೆ ಕಟ್ಟಬೇಕು.

ಆ ಹುಡುಗ ಈ ಸಲ ಮತ್ತೆ ಓಡುತ್ತಿದ್ದಾನೆ. ಎರಡು ಜೊತೆ ತೆಳು ಮೆರಿನೋ ತರಿಸಿದ್ದಾನೆ, ಒಂದು ಕಾಲಲ್ಲಿ, ಒಂದು ಹಗ್ಗದ ಮೇಲೆ. ಪರೀಕ್ಷೆ ದಿನವೇ ಹೊಸದು ಹಾಕಬೇಡ, ವಾರ ಮೊದಲೇ ಹಾಕಿ ಓಡು ಅಂದಿದ್ದೇನೆ. ತಣ್ಣೀರು, ಸೌಮ್ಯ ಸೋಪು, ಒಳಮೈ ಹೊರಗೆ ಮಾಡಿ ಒಗೆದು ನೆರಳಲ್ಲಿ ಒಣಹಾಕು, ಬಚ್ಚಲ ಒಲೆ ಮೇಲೆ ಬೇಡ ಅಂತಲೂ ಹೇಳಿದ್ದೆ. ನಿನ್ನೆ ಸಂಜೆ ಸಿಕ್ಕಿದ್ದ. ಬೊಬ್ಬೆ ಇಲ್ಲವಂತೆ. ಆದರೆ ಒಂದು ಜೊತೆಯನ್ನು ಅವರಮ್ಮ ವಾಷಿಂಗ್ ಸೋಡಾದಲ್ಲಿ ನೆನೆಸಿ, ಒಗೆಯೋ ಕಲ್ಲಿಗೆ ನಾಲ್ಕು ಬಡಿತ ಕೊಟ್ಟಾಗಿದೆ.