ಮುಕ್ಕಾದ ಸರಸ್ವತಿ, ಗಡ್ಡದ ಹಾವು, ಇನ್ನೂ ಬರೆಯದ ಒಂದು ಪತ್ತೇದಾರಿ

ಗದಗಿಗೆ ಬಂದವರು ವೀರನಾರಾಯಣನ ದರ್ಶನ ಮಾಡುತ್ತಾರೆ, ಕುಮಾರವ್ಯಾಸ ಒರಗಿ ಕೂತು ಬರೆದನೆನ್ನುವ ಕಂಬ ಮುಟ್ಟುತ್ತಾರೆ, ಗಿರ್ಮಿಟ್ಟು ಮಿರ್ಚಿ ತಿಂದು ಬಸ್ ಹತ್ತುತ್ತಾರೆ. ತ್ರಿಕೂಟೇಶ್ವರದ ಆವರಣಕ್ಕೆ ಕಾಲಿಡುವವರು ಕಡಿಮೆ. ಅಲ್ಲಿಯೇ ಪಕ್ಕದಲ್ಲಿರುವ ಸರಸ್ವತಿ ಗುಡಿಗೆ ಬರುವವರಂತೂ ಹೆಚ್ಚಾಗಿ ಕಂಬದ ಫೋಟೊ ತೆಗೆಯಲು ಬಂದವರು. ಕಂಬಗಳೂ ಹಾಗೇ ಇವೆ ಬಿಡಿ. ಅಂಗೈಯಗಲದ ಜಾಗದಲ್ಲಿ ಒಂದು ಪುಟ್ಟ ಗೋಪುರ, ಅದರೊಳಗೊಂದು ಮೂರ್ತಿ, ಅದರ ನೆತ್ತಿಗೆ ಮತ್ತೆ ಕುಸುರಿ. ಚಾಲುಕ್ಯರ ಕಾಲದ ಶಿಲ್ಪಿಗೆ ಖಾಲಿ ಕಲ್ಲು ಕಂಡರೆ ನಿದ್ದೆ ಬರುತ್ತಿರಲಿಲ್ಲವೇನೋ.

ಒಳಗೆ ಪದ್ಮಾಸನ ಹಾಕಿ ಕೂತ ಶಾರದೆ. ಕೊರಳ ಹಾರದ ಮಣಿಗಳು ಇವತ್ತಿಗೂ ಸ್ಪಷ್ಟ, ಮೂರ್ತಿ ಮಾತ್ರ ಭಗ್ನ. ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರು ಕಸಬರಿಗೆ ನಿಲ್ಲಿಸದೆಯೇ ಹೇಳಿದರು: “ಮುಕ್ಕಾದ ದೇವರಿಗೆ ಪೂಜಿ ಮಾಡಬಾರದ್ರಿ. ಬರೇ ನೋಡೂದು.”

ಆ ಹೊತ್ತಿಗೆ ನನ್ನ ಚೀಲದಲ್ಲಿ ಅಣ್ಣನ ಮಗಳು ಕೊಟ್ಟ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಈಗ ಇಂಥವಕ್ಕೆ ‘ಕೋಜಿ’ ಎನ್ನುತ್ತಾರೆ, ಬೆಚ್ಚಗೆ ಹೊದ್ದು ಕೂತು ಓದುವ ಪತ್ತೇದಾರಿ. ಜಪಾನಿನ ಬೆಟ್ಟದ ಊರು, ನರಿಯೊಂದು ಹೆಣ್ಣಾಗಿ ನಡೆಸುವ ಚಹಾದಂಗಡಿ, ಗುಡಿಯಿಂದ ಕಳುವಾದ ಗಂಟೆ. ರಕ್ತವಿಲ್ಲ, ಚೂರಿಯಿಲ್ಲ, ಊರವರೆಲ್ಲ ಒಬ್ಬರಿಗೊಬ್ಬರು ಗುರುತು. ಕಳ್ಳನೂ ಕೊನೆಗೆ ಚಹಾಕ್ಕೆ ಬರುತ್ತಾನೆ. ಅರ್ಧ ಪುಸ್ತಕ ನನಗೆ ಗೋಡೆಗೆ ಅಂಟಿಸಿದ ಚಿತ್ರದಂತೆ ಕಂಡಿತು: ಚೆರಿ ಹೂವು, ಕಾಗದದ ಲಾಟೀನು, ಮತ್ತೆ ಚೆರಿ ಹೂವು. ಆದರೆ ನಡುವೆ ಕೊಳದ ಗುಡಿಯಲ್ಲಿ ಬಿವಾ ಎಂಬ ನಾಲ್ಕು ತಂತಿಯ ವಾದ್ಯ ಹಿಡಿದ ದೇವತೆಯೊಬ್ಬಳು ಬಂದಳು. ಹೆಸರು ಬೆಂಜೈತೆನ್, ಸಲಿಗೆಯಲ್ಲಿ ಬೆಂತೆನ್. ಅವಳು ಬೇರೆ ಯಾರೂ ಅಲ್ಲ, ಗದಗಿನಲ್ಲಿ ನನ್ನೆದುರು ಕೂತಿದ್ದವಳೇ.

ಇದು ಊಹೆಯ ಮಾತಲ್ಲ. ಸುವರ್ಣಪ್ರಭಾಸ ಸೂತ್ರವೆಂಬ ಬೌದ್ಧ ಗ್ರಂಥದ ಜೊತೆ ಸರಸ್ವತಿ ಚೀನಾಕ್ಕೆ ಹೋದಳು, ಅಲ್ಲಿಂದ ಜಪಾನಿಗೆ. ಗದಗಿನ ಈ ಮೂರ್ತಿಯ ಕಲ್ಲಿಗೆ ಉಳಿ ತಾಗುವ ಎಷ್ಟೋ ಶತಮಾನ ಮೊದಲೇ ಅವಳಿಗೆ ಅಲ್ಲಿ ಬಿಡಾರ ಸಿಕ್ಕಿತ್ತು. ಮಹಾಕಾಲನೂ ಹೋದ; ಅಲ್ಲಿ ಅಕ್ಕಿಮೂಟೆಯ ಮೇಲೆ ನಿಂತು ನಗುವ ಡೊಳ್ಳುಹೊಟ್ಟೆಯ ದೈಕೊಕು ಆದ. ಕುಬೇರ ಬಿಶಾಮೊನ್ ಆದ. ಜಪಾನೀಯರು ಹೊಸ ವರ್ಷಕ್ಕೆ ನೆನೆಯುವ ಏಳು ಅದೃಷ್ಟದೇವತೆಗಳಲ್ಲಿ ಮೂವರು ನಮ್ಮ ಕಡೆಯ ಸಂಬಂಧಿಕರು, ಏಳರಲ್ಲಿ ಹೆಣ್ಣೆಂದರೆ ಬೆಂತೆನ್ ಒಬ್ಬಳೇ.

ಆಮೇಲೆ ಅವಳ ಬೆನ್ನು ಹತ್ತಿದ ನನಗೆ ಸಿಕ್ಕದ್ದು ಹಾವು. ಎನೊಶಿಮಾ, ಚಿಕುಬುಶಿಮಾ ಮುಂತಾದ ನಡುನೀರಿನ ದ್ವೀಪಗಳೇ ಅವಳ ದೊಡ್ಡ ಕ್ಷೇತ್ರಗಳು. ನೀರಿದ್ದಲ್ಲಿ ನಾಗ ಇರಲೇಬೇಕು, ಸರಿ. ಬಿಳಿ ಹಾವು ಅವಳ ದೂತ, ಅದೂ ಸರಿ. ಆದರೆ ಕೆಲವು ಮೂರ್ತಿಗಳಲ್ಲಿ ಅವಳ ನೆತ್ತಿಯ ಮೇಲೆ ಸುರುಳಿ ಸುತ್ತಿ ಕೂತ ಹಾವಿಗೆ ಮನುಷ್ಯನ ಮುಖ. ಅದೂ ಗಡ್ಡ ಬಿಟ್ಟ ಮುದುಕನದು! ಉಗಾಜಿನ್ ಎಂದು ಅವನ ಹೆಸರು. ಸುಗ್ಗಿಗೆ, ಸಂಪತ್ತಿಗೆ ಅವನೇ ಒಡೆಯ. ಹಾವಿನ ಜೊತೆ ಒಮ್ಮೊಮ್ಮೆ ಒಂದು ಪುಟ್ಟ ಗುಡಿಬಾಗಿಲನ್ನೂ ತಲೆ ಮೇಲೆ ಹೊತ್ತು ಎಂಟು ಕೈ ಚಾಚಿ ಆಯುಧ ಹಿಡಿದ ಸರಸ್ವತಿ ಅಲ್ಲಿ ಇದ್ದಾಳೆ. ನಮ್ಮ ಶಾಲೆಯ ಗೋಡೆಯ ಬಿಳಿಸೀರೆಯ ಶಾರದೆ ಇವಳನ್ನು ದಾರಿಯಲ್ಲಿ ಕಂಡರೆ ಗುರುತು ಹಿಡಿಯಲಾರಳು. ಅರ್ಧ ಮನುಷ್ಯ ಅರ್ಧ ಹಾವಾದ ನಾಗರು ನಮ್ಮ ಚಾಲುಕ್ಯ ಶಿಲ್ಪದಲ್ಲೂ ಬೇಕಾದಷ್ಟಿದ್ದಾರೆ. ಗಡ್ಡದ ಅಜ್ಜನನ್ನು ಮಾತ್ರ ನಾನು ಕಂಡಿಲ್ಲ. ಅವನು ಅಲ್ಲಿಯ ಹೊಲದಲ್ಲೇ ಹುಟ್ಟಿ, ದೂರದಿಂದ ಬಂದ ದೇವತೆಯ ನೆತ್ತಿ ಬೆಚ್ಚಗಿದೆಯೆಂದು ಹತ್ತಿ ಕೂತಿರಬೇಕೆಂದು ನನ್ನ ಗುಮಾನಿ.

ಈ ಜೋಡಿಯ ಕೆಲಸ ನೋಡಬೇಕಾದರೆ ಕಾಮಕುರಾಕ್ಕೆ ಹೋಗಬೇಕು. ಅಲ್ಲಿಯ ಜೆನಿಅರಾಯಿ ಬೆಂತೆನ್ ಗುಡಿಯ ಗವಿಯೊಳಗೆ ಒಂದು ಊಟೆ ಇದೆ. 1185ರಲ್ಲಿ, ಸರ್ಪವರ್ಷದ ಸರ್ಪಮಾಸದ ಸರ್ಪದಿನ, ಮಿನಾಮೊತೊ ಯೊರಿತೊಮೊ ಎಂಬ ದಳವಾಯಿಗೆ ಕನಸಿನಲ್ಲಿ ಈ ನೀರಿನ ಸುದ್ದಿ ತಿಳಿಯಿತೆಂದು ಸ್ಥಳಪುರಾಣ. ಭಕ್ತರು ಬಿದಿರ ಬುಟ್ಟಿಯಲ್ಲಿ ನಾಣ್ಯ ಹಾಕಿ, ಅಕ್ಕಿ ತೊಳೆದ ಹಾಗೆ ತೊಳೆಯುತ್ತಾರೆ. ನೋಟನ್ನೂ ಅದ್ದುತ್ತಾರೆ. ತೊಳೆದ ದುಡ್ಡು ದುಪ್ಪಟ್ಟಾಗಿ ಬರುತ್ತದಂತೆ. ಹಾವಿನ ಪೊರೆಯ ಚೂರನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವವರೂ ಅಲ್ಲಿ ಇದ್ದಾರೆ. ನಗುವ ಹಾಗಿಲ್ಲ, ನಿಧಿ ಕಾಯುವ ಸರ್ಪವನ್ನು ನಂಬಿ ಅಮಾವಾಸ್ಯೆ ರಾತ್ರಿ ಗುದ್ದಲಿ ಹಿಡಿಯುವ ಜನ ನಮ್ಮಲ್ಲೇನು ಕಡಿಮೆಯೇ?

ಇನ್ನೊಂದು ಹೇಳದೆ ಬಿಡಲಾರೆ. ಟೋಕಿಯೊದ ಇನೊಕಾಶಿರಾ ಕೊಳದಲ್ಲಿ ಜೋಡಿಯಾಗಿ ದೋಣಿ ಹತ್ತಿದ ಪ್ರೇಮಿಗಳು ಬೇರೆಯಾಗುತ್ತಾರೆಂದು ಪ್ರತೀತಿ. ದಂಡೆಯ ಬೆಂತೆನ್‌ಗೆ ಹೊಟ್ಟೆಕಿಚ್ಚು! ನಾವು ಸರಸ್ವತಿಗೆ ಪರೀಕ್ಷೆಯ ಹಾಲ್ ಟಿಕೆಟ್ ತೋರಿಸಿ ಕೈಮುಗಿದು ಸುಮ್ಮನಾದೆವು. ಅವರು ಅವಳಿಗೆ ದುಡ್ಡಿನ ವ್ಯವಹಾರ ಕೊಟ್ಟರು, ಮತ್ಸರ ಕೊಟ್ಟರು, ತಲೆಯ ಮೇಲೊಬ್ಬ ಅಜ್ಜನನ್ನೂ ಕೊಟ್ಟರು. ಕಾದಂಬರಿಗೆ ಪಾತ್ರವಾಗುವುದು ಇಂಥ ದೇವತೆಯೇ. ಬೆಚ್ಚಗಿನ ಪತ್ತೇದಾರಿಯ ಗುಟ್ಟು ಲಾಟೀನಿನಲ್ಲಿಲ್ಲ, ದೇವರಿಗೂ ಹಸಿವು, ಸಿಟ್ಟು, ನೆರೆಮನೆಯ ಜಗಳ ಇರುವುದರಲ್ಲಿದೆ.

ಹಾಗಾದರೆ ನಮ್ಮ ಕಡೆ ಅಂಥ ದೇವರಿಲ್ಲವೇ? ಭಾದ್ರಪದದಲ್ಲಿ ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಹಳ್ಳಿಗೆ ಹೋಗಿ ನೋಡಿ. ಗಣಪ್ಪನನ್ನು ಕಳಿಸಿದ ಬೆನ್ನಿಗೇ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಜೋಕುಮಾರನನ್ನು ಕೂರಿಸಿ ಮನೆಮನೆಗೆ ತರುತ್ತಾರೆ. ಮಣ್ಣಿನ ಮೈ, ಅಗಲ ಕಣ್ಣು, ಬಾಯಿಗೆ ಬಡಿದ ಬೆಣ್ಣೆ. ಅಣ್ಣ ಗಣಪ್ಪ ಕಡುಬು ತಿಂದು ಹೋಗಿ ಶಿವನಿಗೆ ‘ಭೂಲೋಕ ಸುಖವಾಗಿದೆ’ ಅಂತ ವರದಿ ಕೊಡುತ್ತಾನೆ. ಮಳೆಯಿಲ್ಲ, ಜನ ಹಸಿದಿದ್ದಾರೆ ಅಂತ ನಿಜ ಹೇಳುವವನು ಈ ಪೋಲಿ ತಮ್ಮ. ಆಯುಷ್ಯ ಏಳೇ ದಿನ. ಹೆಣ್ಣುಮಕ್ಕಳ ತಂಟೆಗೆ ಹೋಗಿ ಕೊನೆಗೆ ಅಗಸರ ಕೈಯಲ್ಲಿ ಸಾಯುತ್ತಾನೆ, ಒಗೆಯುವ ಕಲ್ಲಿನ ಅಡಿ ಹೆಣ. ಕೊಲೆ ಇದೆ, ಕಾರಣ ಇದೆ, ಸಾಕ್ಷಿ ಹೇಳಲು ಇಡೀ ಊರಿದೆ, ಸತ್ತವನು ಮುಂದಿನ ವರ್ಷ ಮತ್ತೆ ಬುಟ್ಟಿಯಲ್ಲಿ ಬರುತ್ತಾನೆ. ಯಾವ ಜಪಾನಿ ಲೇಖಕನಿಗೆ ಇಂಥ ಕಥಾವಸ್ತು ಸಿಕ್ಕಿದೆ? ಕಂಬಾರರು 1972ರಲ್ಲೇ ಅವನನ್ನು ನಾಟಕಕ್ಕೆ ಎಳೆದುತಂದರು. ಪತ್ತೇದಾರಿ ಬರೆಯುವವರ ಕಣ್ಣಿಗೆ ಅವನು ಬಿದ್ದಂತಿಲ್ಲ.

ನಮ್ಮ ಪತ್ತೇದಾರರು ಬೇರೆ ಜಾತಿಯವರು. ನಾಲ್ಕನೇ ಇಯತ್ತೆ ಓದಿದ ಎನ್. ನರಸಿಂಹಯ್ಯ 1952ರಲ್ಲಿ ಪುರುಷೋತ್ತಮನನ್ನು ಹುಟ್ಟಿಸಿ, ಮುಂದೆ 500ಕ್ಕೂ ಹೆಚ್ಚು ಕಾದಂಬರಿ ಬರೆದು ಒಂದಿಡೀ ತಲೆಮಾರಿಗೆ ಓದುವ ಹುಚ್ಚು ಹತ್ತಿಸಿದರು. ಅಲ್ಲಿ ಓಟ ಹೆಚ್ಚು, ಗುದ್ದಾಟ ಹೆಚ್ಚು, ಕೂತು ಹರಟೆ ಹೊಡೆಯಲು ಪುರುಷೋತ್ತಮನಿಗೆ ಪುರುಸೊತ್ತೆಲ್ಲಿ? ಜಪಾನಿನಲ್ಲಿ ಒಕಾಮೊತೊ ಕಿದೊ 1917ರಲ್ಲಿ ಷರ್ಲಾಕ್ ಹೋಮ್ಸ್‌ನಿಂದ ಪ್ರೇರಣೆ ಪಡೆದು ಹಾನ್ಶಿಚಿ ಎಂಬ ಪತ್ತೇದಾರನನ್ನು ತಂದ. ಮುಪ್ಪಾದ ಹಾನ್ಶಿಚಿ ಯುವ ಪತ್ರಕರ್ತನನ್ನು ಕೂರಿಸಿಕೊಂಡು ಎದೊ ಕಾಲದ ಪ್ರಕರಣಗಳನ್ನು ಹೇಳುತ್ತಾನೆ. ಎಷ್ಟೋ ಪ್ರಕರಣ ದೆವ್ವದಿಂದ ಶುರುವಾಗಿ ಮನುಷ್ಯನಲ್ಲಿ ಮುಗಿಯುತ್ತವೆ. ಇವತ್ತಿನ ಚಹಾದಂಗಡಿ ಪತ್ತೇದಾರಿಗಳ ಅಜ್ಜ ಇವನೇ ಎಂದು ನನ್ನ ಲೆಕ್ಕ, ಮೊಮ್ಮಕ್ಕಳಿಗಿಂತ ಅಜ್ಜನೇ ಜಾಣ.

ಉಳಿದದ್ದು ನರಿ. ಜಪಾನಿನಲ್ಲಿ ನರಿ ಅಕ್ಕಿಯ ದೇವರು ಇನಾರಿಯ ಸೇವಕ. ಕ್ಯೋಟೊದ ಫುಶಿಮಿ ಗುಡಿಯಲ್ಲಿ ಕಣಜದ ಕೀಲಿ ಬಾಯಲ್ಲಿ ಕಚ್ಚಿದ ಕಲ್ಲಿನ ನರಿಗಳಿವೆ. ನಾವೂ ಒಳ್ಳೆಯದಾದರೆ ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ದೆ ಅನ್ನುವ ಜನವೇ. ಅಷ್ಟೇ ಅಲ್ಲ, ಕನ್ನಡದ ಮೊದಲ ಪಂಚತಂತ್ರ ಬರೆದ ದುರ್ಗಸಿಂಹ ಇದೇ ಜಿಲ್ಲೆಯ ರೋಣದ ಸವಡಿಯವನು. ಕಾಲ 1031. ಚಾಲುಕ್ಯ ಜಯಸಿಂಹನಿಗೆ ಸಂಧಿವಿಗ್ರಹಿ, ದರಬಾರಿನ ಪಿತೂರಿ ಹತ್ತಿರದಿಂದ ಕಂಡವನು. ಅವನು ಅನುಸರಿಸಿದ್ದು ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು. ಆ ಪರಂಪರೆಯ ಕಥೆಗಳೇ ಜಾವಾ, ಸಯಾಮಿನವರೆಗೂ ಹೋದವು. ಹಾಗಾಗಿ ಮುಕ್ಕಾದ ಸರಸ್ವತಿಯನ್ನು ಪತ್ತೇದಾರಳಾಗಿಸಿ, ತನ್ನ ಮೂರ್ತಿ ಒಡೆದವರು ಯಾರೆಂದು ಅವಳಿಂದಲೇ ಹುಡುಕಿಸುವ ಕಾದಂಬರಿ ಯಾರಾದರೂ ಗದಗಿನಲ್ಲಿ ಬರೆದರೆ ನರಿಯನ್ನು ಕ್ಯೋಟೊದಿಂದ ತರಿಸಬೇಕಿಲ್ಲ, ಸವಡಿಯವನ ಪಂಚತಂತ್ರದ ಕುತಂತ್ರಿ ನರಿ ದಮನಕ ಸಾಕು. ಒಂದೇ ತೊಡಕು: ಅವನನ್ನು ಸಹಾಯಕನಾಗಿ ಇಟ್ಟುಕೊಂಡರೆ ಓದುಗರು ಮೊದಲ ಪುಟದಿಂದಲೇ ಅವನ ಮೇಲೆ ಸಂಶಯಪಡುತ್ತಾರೆ.