ನಮ್ಮ ಒಂದು ‘ಇಂದ’, ಇಂಗ್ಲಿಷಿನಲ್ಲಿ ನಾಲ್ಕು

ಮಗುವಿಗೆ ಜ್ವರ ಬಂದರೆ ಕಷಾಯ ಕಾಯಿಸುವವರು ನಾವು, ರಾತ್ರಿಯೆಲ್ಲಾ ಹಣೆ ಮುಟ್ಟಿ ನೋಡುವವರೂ ನಾವೇ. ಆದರೆ ಶಾಲೆಗೆ ಇಂಗ್ಲಿಷಿನಲ್ಲಿ ರಜಾ ಚೀಟಿ ಬರೆಯಬೇಕು ಅಂದ ಕೂಡಲೇ ಪೆನ್ನು ಯಜಮಾನರ ಕೈಗೆ ಹೋಗುತ್ತದೆ! ಅವರು ಊರಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯವರೇ ಗತಿ. ಇದು ನಮ್ಮ ದಡ್ಡತನವಲ್ಲ, ಸೋದರಿಯರೇ. ಎರಡು ಭಾಷೆಗಳ ಜಾಯಮಾನವೇ ಬೇರೆ.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪ್ರಿಪೊಸಿಷನ್ ಪದಕ್ಕಿಂತ ಮೊದಲು ಬಿಡಿಯಾಗಿ ಬರುತ್ತದೆ. ಅಷ್ಟೇ ಆಗಿದ್ದರೆ ಸುಲಭವಿತ್ತು. ನಮ್ಮ ಒಂದೇ ‘ಇಂದ’ ಅಲ್ಲಿ ಹಲವಾಗುತ್ತದೆ ನೋಡಿ:

ಮೈಸೂರಿನಿಂದ ಬಂದಳು – ಫ್ರಮ್.
ಚಾಕುವಿನಿಂದ ಹೆಚ್ಚಿದಳು – ವಿತ್.
ಸೋಮವಾರದಿಂದ ಜ್ವರ – ಸಿನ್ಸ್.
ಎರಡು ದಿನದಿಂದ ಜ್ವರ – ಫಾರ್.

ಹೆಚ್ಚು ಜನ ಎಡವುವುದು ಕೊನೆಯ ಎರಡರಲ್ಲಿ. ಶುರುವಾದ ಹೊತ್ತನ್ನು ಹೇಳುತ್ತಿದ್ದರೆ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್. ಎಷ್ಟು ಕಾಲ ಎಂದು ಲೆಕ್ಕ ಹೇಳುತ್ತಿದ್ದರೆ ‘ಫಾರ್’: ಫಾರ್ ಟೂ ಡೇಸ್, ಫಾರ್ ಟೆನ್ ಇಯರ್ಸ್.

ಇನ್ನು ಕ್ರಿಯಾಪದ. ‘ಎರಡು ದಿನದಿಂದ ಜ್ವರದಲ್ಲಿ ನರಳುತ್ತಿದ್ದಾಳೆ’ ಎಂದು ನಾವು ವರ್ತಮಾನದಲ್ಲೇ ಹೇಳಿ ಮುಗಿಸುತ್ತೇವೆ. ಅದನ್ನೇ ‘ಶಿ ಈಸ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್’ ಎಂದು ಬರೆದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾಸ್ ಬೀನ್’ ಬೇಕು: ‘ಶಿ ಹ್ಯಾಸ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ಟೂ ಡೇಸ್.’ ಜ್ವರ ಬಿಟ್ಟು ಮಗು ಶಾಲೆಗೆ ಹೊರಟ ದಿನವಾದರೆ ‘ಶಿ ಹ್ಯಾಡ್ ಫೀವರ್ ಫಾರ್ ಟೂ ಡೇಸ್’ ಅಂದರೆ ಸಾಕು. ಗಂಡುಮಗುವಾದರೆ ‘ಶಿ’ ಬದಲು ‘ಹಿ’.

ಮತ್ತೊಂದು ಮಾತು. ‘ಡಿಡ್ ನಾಟ್’ ಆದ ಮೇಲೆ ‘ಕಮ್’ ಎಂದೇ ಬರೆಯಿರಿ, ‘ಕೇಮ್’ ಬೇಡ. ಭೂತಕಾಲ ‘ಡಿಡ್’ನಲ್ಲಿ ಆಗಲೇ ಸೇರಿಬಿಟ್ಟಿದೆ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕುತ್ತೇವೆಯೇ?

ವ್ಯಾಕರಣದ ಪುಸ್ತಕವನ್ನೆಲ್ಲಾ ಉರು ಹೊಡೆಯಬೇಕಾಗಿಲ್ಲ. ಮೇಲಿನ ವಾಕ್ಯಗಳನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ದಿನದ ಲೆಕ್ಕ ಬದಲಾಯಿಸಿ ನಾಲ್ಕಾರು ಸಲ ಬರೆದು ನೋಡಿ, ಕೈಗೆ ರೂಢಿಯಾಗುತ್ತದೆ. ಮಗುವಿಗೆ ಎಷ್ಟು ದಿನದಿಂದ ಜ್ವರ ಎಂಬುದು ತಾಯಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ಚೀಟಿ ನೀವೇ ಬರೆಯಿರಿ, ಕೆಳಗೆ ಸಹಿಯೂ ನಿಮ್ಮದೇ ಇರಲಿ.